ಗಡಿಯಾಚೆಯ ಸುದ್ದಿ, ಗಡಿಯೀಚೆಯ ಮತ: ರಾಯದುರ್ಗ, ಮಡಕಶಿರಾ ಕನ್ನಡಿಗರ ನಡುವೆ ಚುನಾವಣಾ ಸುದ್ದಿಯ ಹಂಚಿಕೆ

2024ರ ಲೋಕಸಭಾ ಚುನಾವಣೆಯಲ್ಲಿ ಮಡಕಶಿರಾ ಸೀಮೆಯನ್ನು ಸುತ್ತುವರಿದಿರುವ ಶಿರಾ, ಪಾವಗಡ, ಮಧುಗಿರಿ, ಗೌರಿಬಿದನೂರು ಪ್ರದೇಶಗಳು ಏಪ್ರಿಲ್ 26ರಂದು ಮತ ಚಲಾಯಿಸಿದವು. ರಾಯದುರ್ಗಕ್ಕೆ ಒತ್ತಿಕೊಂಡಿರುವ ಮೊಳಕಾಲ್ಮೂರಿನಲ್ಲಿಯೂ ಅಂದೇ ಮತದಾನ. ಆದರೆ ಅದೇ ರಾಯದುರ್ಗದ ಇನ್ನೊಂದು ಮಗ್ಗುಲಿನ ಬಳ್ಳಾರಿಯಲ್ಲಿ ಮತದಾನ ನಡೆದದ್ದು ಮೇ 7ರಂದು. ಆಂಧ್ರಪ್ರದೇಶದಲ್ಲಿ ಲೋಕಸಭೆ ಮತ್ತು ವಿಧಾನಸಭೆ ಎರಡಕ್ಕೂ ಮೇ 13ರಂದು ಒಟ್ಟಿಗೆ ಮತದಾನವಾಯಿತು. ಈ ಮೂರು ದಿನಾಂಕಗಳ ನಡುವೆ ರಾಯದುರ್ಗ ಮತ್ತು ಮಡಕಶಿರಾದ ಕನ್ನಡಿಗರ ಕೈಯಲ್ಲಿನ ದೂರವಾಣಿಗೆ ಮೂರು ಚುನಾವಣೆಗಳ ಪ್ರಚಾರ ಬಂದು ಬೀಳುತ್ತಿತ್ತು. ಅವುಗಳಲ್ಲಿ ಅವರು ಮತ ಹಾಕಬೇಕಾಗಿದ್ದುದು ಒಂದರಲ್ಲಿ ಮಾತ್ರ. ಆ ಒಂದರ ಸುದ್ದಿ ಬಹುಪಾಲು ತೆಲುಗಿನಲ್ಲಿತ್ತು. ಜೂನ್ 4ರಂದು ಎಣಿಕೆ ಮುಗಿದಾಗ ಮಡಕಶಿರಾ ವಿಧಾನಸಭಾ ಕ್ಷೇತ್ರದಲ್ಲಿ ತೆಲುಗುದೇಶಂ ಪಕ್ಷದ ಎಂ. ಎಸ್. ರಾಜು ಅವರು ಗೆದ್ದ ಅಂತರ 351 ಮತ. ಯಾವುದೋ ಒಂದು ಸಂದೇಶದಿಂದ ಈ ಫಲಿತಾಂಶ ಬಂತೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ 351 ಎಂಬುದು ಒಂದು ಸಾಧಾರಣ ಹಳ್ಳಿಯ ಒಂದು ಕೇರಿಯ ಮತ. ಅಷ್ಟು ಸಣ್ಣ ಅಂತರದಲ್ಲಿ ಪ್ರತಿನಿಧಿ ಆಯ್ಕೆಯಾಗುವ ಕಡೆ, ಮತದಾರನಿಗೆ ಯಾವ ಸುದ್ದಿ ಯಾವ ಭಾಷೆಯಲ್ಲಿ ಎಷ್ಟು ತಡವಾಗಿ ತಲುಪುತ್ತದೆ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು.

ಈ ಎರಡು ಪ್ರದೇಶಗಳ ಸ್ಥಿತಿ ಒಂದೇ ಬಗೆಯದಲ್ಲ. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆಲೂರು ಮತ್ತು ಆದವಾನಿಯೊಡನೆ ಅದು ಆಂಧ್ರಕ್ಕೆ ಸೇರಿತು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಸಿದ್ಧ ಉಡುಪಿನ ಹೊಲಿಗೆ ಕೆಲಸ, ಮದುವೆ ಸಂಬಂಧ, ಆಸ್ಪತ್ರೆ, ಸಂತೆ ಇವೆಲ್ಲವೂ ಈಗಲೂ ರಾಯದುರ್ಗವನ್ನು ಬಳ್ಳಾರಿಗೆ ಹೊಲಿದಿಟ್ಟಿವೆ. ಮಡಕಶಿರಾದ ಕಥೆ ಬೇರೆ. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾದಂದಿನಿಂದಲೂ ಅದು ಆ ಜಿಲ್ಲೆಯದೇ. ಆದರೆ ಮೈಸೂರು ಸೀಮೆಯೊಳಕ್ಕೆ ಚಾಚಿದ ನಾಲಗೆಯಂತೆ ಮೂರು ಕಡೆ ಕನ್ನಡ ನಾಡಿನಿಂದಲೇ ಸುತ್ತುವರಿದಿದೆ. ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳ ಮನೆಮಾತು ಕನ್ನಡ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಇದೇ ಅಮರಾಪುರ ಮಂಡಲದಲ್ಲಿದೆ ಎಂಬುದನ್ನು ಶಾಸನಾಸಕ್ತರಿಗೆ ನೆನಪಿಸಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಮಡಕಶಿರಾವು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಹಳೆಯ ಹೆಸರಿನಿಂದ ನಾವು ಈಗಲೂ ‘ಅನಂತಪುರ ಜಿಲ್ಲೆಯ ಕನ್ನಡಿಗರು’ ಎಂದು ಕರೆಯುವ ಜನ ಆಡಳಿತದ ಲೆಕ್ಕದಲ್ಲಿ ಎರಡು ಜಿಲ್ಲೆಗಳ, ಎರಡು ಲೋಕಸಭಾ ಕ್ಷೇತ್ರಗಳ ಅಲ್ಪಸಂಖ್ಯಾತರು.

ಇಲ್ಲಿನ ಜನ ಎರಡೂ ಭಾಷೆ ಬಲ್ಲವರು ಎಂಬ ಮಾತಿನಿಂದ ಚರ್ಚೆಯನ್ನು ಮುಗಿಸಿಬಿಡುವ ರೂಢಿಯುಂಟು. ಮಾತಿನ ಮಟ್ಟಿಗೆ ಅದು ಸರಿ. ಆದರೆ ಆಡುವುದು, ಓದುವುದು, ಓದಿದ್ದನ್ನು ತೂಗಿ ನೋಡುವುದು ಇವು ಮೂರು ಬೇರೆ ಬೇರೆ ಶಕ್ತಿಗಳು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತ ಹಿರಿಯರಿಗೆ ತೆಲುಗು ಅಕ್ಷರ ಗುರುತು ಸಿಗುತ್ತದೆ, ಏಕೆಂದರೆ ಎರಡೂ ಲಿಪಿಗಳು ಒಂದೇ ಮೂಲದವು. ತಲೆಬರಹವನ್ನು ಅವರು ಓದಬಲ್ಲರು. ಕೆಳಗಿನ ಸಣ್ಣಕ್ಷರದ ವಿವರ ಬಿಟ್ಟುಹೋಗುತ್ತದೆ. ತೆಲುಗು ಶಾಲೆಯಲ್ಲಿ ಓದಿದ ಮೊಮ್ಮಗನಿಗೆ ತೆಲುಗು ವಿವರ ತಿಳಿಯುತ್ತದೆ, ಆದರೆ ಅಜ್ಜನಿಗೆ ಅದನ್ನು ಹೇಳಬೇಕಾದದ್ದು ಕನ್ನಡದಲ್ಲಿ. ಹೀಗೆ ಒಂದು ಮನೆಯೊಳಗೇ ಸುದ್ದಿ ಒಮ್ಮೆ ಅನುವಾದವಾಗುತ್ತದೆ. ಆ ಅನುವಾದಕನಿಗೆ ಸಂಪಾದಕನಿಲ್ಲ.

ಮೊದಲನೆಯ ತೊಡಕು ಸರಕಾರಿ ಯೋಜನೆಗಳದು. 2023ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯ ಬಳಿಕ, ಜೂನ್ 11ರಂದು ಅಲ್ಲಿ ‘ಶಕ್ತಿ’ ಯೋಜನೆ ಆರಂಭವಾಯಿತು. ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ‘ಗೃಹಲಕ್ಷ್ಮಿ’ಯೂ ಬಂತು. ಇವುಗಳ ಅರ್ಜಿ, ಕಡೆಯ ದಿನಾಂಕ, ಬೇಕಾದ ದಾಖಲೆ ಇವನ್ನು ಕುರಿತ ಕನ್ನಡ ಸಂದೇಶಗಳು ಬಂಧುಗಳ ಗುಂಪುಗಳ ಮೂಲಕ ಗಡಿ ದಾಟುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಎರಡು ಯೋಜನೆಗಳೂ ಕರ್ನಾಟಕದ ನಿವಾಸಿಗಳಿಗೆ ಮೀಸಲು. ಶಿರಾದಲ್ಲಿ ಬಸ್ಸು ಹತ್ತಿದ ಅಕ್ಕನಿಗೆ ಟಿಕೆಟ್ ಇಲ್ಲ. ಅವಳ ಪಕ್ಕದಲ್ಲಿ ಕುಳಿತ, ಅಗಳಿಗೆ ಮದುವೆಯಾಗಿ ಹೋಗಿ ಆಧಾರ್‌ನಲ್ಲಿ ಆಂಧ್ರದ ವಿಳಾಸವುಳ್ಳ ತಂಗಿಗೆ ಟಿಕೆಟ್ ಉಂಟು. ಇನ್ನು ತೆಲುಗುದೇಶಂ ಪಕ್ಷವು 2024ಕ್ಕೆ ಮುಂದಿಟ್ಟ ‘ಸೂಪರ್ ಸಿಕ್ಸ್’ ಭರವಸೆಗಳಲ್ಲಿಯೂ ಮಹಿಳೆಯರ ಉಚಿತ ಬಸ್ ಪ್ರಯಾಣವಿತ್ತು. ಅದು ಜಾರಿಯಾದದ್ದು 2025ರ ಆಗಸ್ಟ್ 15ರಂದು. ಅಂದರೆ ಎರಡು ವರ್ಷಗಳಿಗೂ ಮೀರಿದ ಕಾಲ, ಒಂದೇ ಹೆಸರಿನ ಸೌಲಭ್ಯ ಗಡಿಯ ಆಚೆ ನಿಜವಾಗಿತ್ತು, ಈಚೆ ಮೊದಲು ಇರಲಿಲ್ಲ, ಆಮೇಲೆ ಭರವಸೆಯಾಗಿತ್ತು. ‘ಮಹಿಳೆಯರಿಗೆ ಬಸ್ ಉಚಿತ’ ಎಂಬ ಮೂರು ಪದಗಳ ಸಂದೇಶ ಸುಳ್ಳಲ್ಲ. ಯಾವ ರಾಜ್ಯ, ಯಾವ ದಿನ ಎಂಬ ಎರಡು ಮಾತು ಉದುರಿಹೋದೊಡನೆ ಅದು ನಿಜವೂ ಅಲ್ಲ. ಗಡಿನಾಡಿನಲ್ಲಿ ಹರಡುವ ತಪ್ಪು ಸುದ್ದಿಯ ದೊಡ್ಡ ಪಾಲು ಈ ಬಗೆಯದೆಂದು ನನ್ನ ಅಭಿಪ್ರಾಯ: ಯಾರೂ ಹೆಣೆದ ಸುಳ್ಳಲ್ಲ, ತನ್ನ ಊರು ಬಿಟ್ಟು ಬಂದ ನಿಜ.

ಎರಡನೆಯದು ಪದಗಳ ತೊಡಕು. ಭಾಷಾಧ್ಯಯನದ ದೃಷ್ಟಿಯಿಂದ ಇದೇ ಹೆಚ್ಚು ಗಂಭೀರವಾದುದು. ಕನ್ನಡ ಮತ್ತು ತೆಲುಗು ಎರಡೂ ಆಡಳಿತದ ಮಾತುಗಳನ್ನು ಸಂಸ್ಕೃತದಿಂದ ತೆಗೆದುಕೊಂಡಿವೆ, ಆದರೆ ಒಂದೇ ಪದವನ್ನು ಒಂದೇ ಅರ್ಥದಲ್ಲಿ ತೆಗೆದುಕೊಂಡಿಲ್ಲ. ತೆಲುಗಿನ ‘ಉದ್ಯಮಂ’ ಎಂದರೆ ಚಳವಳಿ. ಕನ್ನಡದ ‘ಉದ್ಯಮ’ ಎಂದರೆ ಕೈಗಾರಿಕೆ. ತೆಲುಗಿನ ‘ಪರಿಶ್ರಮ’ ಕೈಗಾರಿಕೆ. ಕನ್ನಡದಲ್ಲಿ ಅದು ದುಡಿಮೆ. ‘ಅವಸರಂ’ ಎಂದರೆ ಅಲ್ಲಿ ಅಗತ್ಯ, ಇಲ್ಲಿ ಆತುರ. ಇವು ಸಂತೆಯಲ್ಲಿ ನಗೆಗೆ ಕಾರಣವಾಗುವ ಪದಗಳೆಂದು ಬಿಡಬಹುದು. ಆದರೆ ‘ತೀರ್ಮಾನ’ ಮತ್ತು ‘ನಿರ್ಣಯ’ ಎಂಬ ಜೋಡಿಯನ್ನು ಹಾಗೆ ಬಿಡುವಂತಿಲ್ಲ. ಶಾಸನಸಭೆ ಕೇಂದ್ರಕ್ಕೆ ಶಿಫಾರಸು ಮಾಡಿ ಅಂಗೀಕರಿಸುವುದನ್ನು ಕನ್ನಡ ಪತ್ರಿಕೆ ‘ನಿರ್ಣಯ’ ಎಂದು ಬರೆಯುತ್ತದೆ, ತೆಲುಗು ಪತ್ರಿಕೆ ‘ತೀರ್ಮಾನಂ’ ಎಂದು ಬರೆಯುತ್ತದೆ. ಕೈಗೊಂಡು ಮುಗಿಸಿದ ನಿರ್ಧಾರಕ್ಕೆ ಕನ್ನಡದಲ್ಲಿ ‘ತೀರ್ಮಾನ’, ತೆಲುಗಿನಲ್ಲಿ ‘ನಿರ್ಣಯಂ’. ಎರಡು ಪದಗಳು ಗಡಿ ದಾಟುವಾಗ ಪರಸ್ಪರ ಜಾಗ ಬದಲಿಸಿಕೊಳ್ಳುತ್ತವೆ.

ಇದರ ಪರಿಣಾಮವೇನೆಂಬುದಕ್ಕೆ ರಾಯದುರ್ಗದಲ್ಲಿಯೇ ನಿದರ್ಶನವಿದೆ. ಬೋಯ ಅಥವಾ ವಾಲ್ಮೀಕಿ ಸಮುದಾಯ ಆ ಸೀಮೆಯಲ್ಲಿ ಗಣನೀಯವಾಗಿದೆ. ಗಡಿಯಾಚೆ ಬಳ್ಳಾರಿ, ಮೊಳಕಾಲ್ಮೂರಿನಲ್ಲಿ ಅವರ ನೆಂಟರಾದ ನಾಯಕರು 1991ರಿಂದ ಪರಿಶಿಷ್ಟ ಪಂಗಡದವರು; 2022ರಲ್ಲಿ ಕರ್ನಾಟಕ ಸರಕಾರ ಆ ಪಂಗಡಗಳ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೆ ಏರಿಸಿತು. ಆಂಧ್ರದಲ್ಲಿ ಏಜೆನ್ಸಿ ಪ್ರದೇಶಗಳನ್ನು ಬಿಟ್ಟರೆ ಬೋಯರು ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದಾರೆ. ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆಯು 2017ರಲ್ಲಿ ಒಮ್ಮೆ, 2023ರ ಮಾರ್ಚ್ 24ರಂದು ಮತ್ತೊಮ್ಮೆ ಅಂಗೀಕರಿಸಿ ಕೇಂದ್ರಕ್ಕೆ ಕೇಳಿಕೊಂಡಿತು. ಮೊದಲನೆಯ ಸಲ ಒಂದು ಪಕ್ಷದ ಸರಕಾರ, ಎರಡನೆಯ ಸಲ ಅದರ ಎದುರಾಳಿ ಪಕ್ಷದ ಸರಕಾರ. ಸಂವಿಧಾನದ 342ನೆಯ ವಿಧಿಯಂತೆ ಈ ಪಟ್ಟಿಯನ್ನು ತಿದ್ದುವ ಅಧಿಕಾರ ಸಂಸತ್ತಿನದು. ವಿಧಾನಸಭೆಯ ಒಪ್ಪಿಗೆ ಒಂದು ಕೋರಿಕೆ ಮಾತ್ರ. ತೆಲುಗು ಬಲ್ಲವನಿಗೆ ‘ಅಸೆಂಬ್ಲೀ ತೀರ್ಮಾನಂ’ ಎಂಬ ತಲೆಬರಹದಲ್ಲಿಯೇ ಈ ಮಿತಿ ಕಾಣುತ್ತದೆ. ಅದೇ ಸಾಲು ಕನ್ನಡದ ಬಾಯಲ್ಲಿ ‘ಅಸೆಂಬ್ಲಿ ತೀರ್ಮಾನ ಮಾಡಿತು’ ಎಂದಾದಾಗ ಕೆಲಸ ಮುಗಿದೇಹೋಯಿತೆಂಬ ಅರ್ಥ ಹುಟ್ಟುತ್ತದೆ. ಮಗನ ಕಾಲೇಜು ಪ್ರವೇಶಕ್ಕೆ ಜಾತಿ ಪ್ರಮಾಣಪತ್ರ ತರಲು ಹೊರಟ ತಂದೆಗೆ ಈ ಅಂತರ ವ್ಯಾಕರಣದ ವಿಷಯವಲ್ಲ. ಕಚೇರಿಯಿಂದ ಬರಿಗೈಯಲ್ಲಿ ಬಂದವನು ‘ಆದೇಶ ಆಗಿದೆ, ಇವರು ಕೊಡುತ್ತಿಲ್ಲ’ ಎಂದು ನಂಬಿದರೆ ಆ ನಂಬಿಕೆಯೇ ಮುಂದಿನ ಸಂದೇಶದ ವಸ್ತುವಾಗುತ್ತದೆ.

ಊರ ಹೆಸರುಗಳೂ ಮೋಸ ಮಾಡುತ್ತವೆ. ಗುಡಿಬಂಡೆ ಎಂಬ ಹೆಸರಿನ ಊರು ಮಡಕಶಿರಾ ಕ್ಷೇತ್ರದಲ್ಲಿ ಒಂದು, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದು. ತೆಲುಗು ಸುದ್ದಿಯಲ್ಲಿ ‘ರಾಯದುರ್ಗಂ’ ಎಂದು ಬಂದರೆ ಅದು ಹೈದರಾಬಾದಿನ ಮಾಹಿತಿ ತಂತ್ರಜ್ಞಾನದ ಬಡಾವಣೆಯೂ ಆಗಿರಬಹುದು. ಅಲ್ಲಿನ ಭೂಮಿಯ ಕೋಟಿಗಟ್ಟಲೆ ಬೆಲೆ ಕೇಳಿ ನಮ್ಮ ದುರ್ಗದ ಕೆಳಗಿನ ಹೊಲದವರು ಬೆರಗಾಗುವುದು ಸಹಜವೇ.

ಸುದ್ದಿ ನಿಜವಾಗಿದ್ದು, ಪದವೂ ಸರಿಯಾಗಿದ್ದು, ಆದರೂ ಓದುಗನನ್ನು ಇಬ್ಭಾಗ ಮಾಡುವ ಸಂದರ್ಭಗಳಿವೆ. ನೀರಿನ ವಿಷಯ ಅಂಥದು. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಕರ್ನಾಟಕದ ಮಧ್ಯ ಬಯಲಿನ ಒಣ ತಾಲ್ಲೂಕುಗಳಿಗೆ, ಅದರಲ್ಲಿಯೂ ಮಡಕಶಿರಾಕ್ಕೆ ತಾಗಿಕೊಂಡ ಶಿರಾ, ಪಾವಗಡಗಳಿಗೆ, ಇದು ದಶಕಗಳ ಆಸೆ. ಕನ್ನಡದ ಸಂದೇಶಗಳಲ್ಲಿ ಅದು 2023ರಲ್ಲಿ ಸಾಧನೆಯೆಂದೂ, 2024ರಲ್ಲಿ ‘ಘೋಷಿಸಿದ ಹಣ ಬರಲೇ ಇಲ್ಲ’ ಎಂಬ ದೂರಾಗಿಯೂ ಹರಿದಾಡಿತು. ಜಗಳ ಹಣ ಬಂತೋ ಇಲ್ಲವೋ ಎಂಬುದರ ಮೇಲೆ. ಯೋಜನೆ ಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. ಅದೇ ಸುದ್ದಿ ತೆಲುಗಿನಲ್ಲಿ ಬಂದಾಗ ಪ್ರಶ್ನೆಯೇ ಬೇರೆ: ಮೇಲೆ ನೀರು ನಿಂತರೆ ತುಂಗಭದ್ರೆಗೆ ಒಳಹರಿವು ಕಡಿಮೆಯಾಗಿ ರಾಯಲಸೀಮೆಗೆ ಅನ್ಯಾಯವಾಗುತ್ತದೆ. ಈಗ ಕಣೇಕಲ್ಲು ಅಥವಾ ಬೊಮ್ಮನಹಾಳಿನ ಕನ್ನಡ ರೈತನನ್ನು ನೆನೆಯಿರಿ. ಅವನ ಗದ್ದೆಗೆ ನೀರು ಬರುವುದು ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯಿಂದ. ಅವನಿಗೆ ಅರ್ಥವಾಗುವ ಭಾಷೆಯ ಸುದ್ದಿ ಅವನ ನೀರಿನ ಎದುರು ಪಕ್ಷದ್ದು. ಅವನ ನೀರಿನ ಪರವಾದ ಸುದ್ದಿ ಅವನು ಅರ್ಧ ಮಾತ್ರ ಓದಬಲ್ಲ ಭಾಷೆಯದು. ಪಾವಗಡದ ಬೀಗರು ಕಳುಹಿಸಿದ ಸಂಭ್ರಮದ ಚಿತ್ರಕ್ಕೆ ಅವನು ಕೈಮುಗಿಯುವ ಗುರುತು ಒತ್ತಿದರೆ ಅದಕ್ಕೆ ಏನರ್ಥ ಹೇಳುವುದು? ಒಪ್ಪಿಗೆಯೆಂದೇ? ಬೀಗತನದ ಮರ್ಯಾದೆಯೆಂದೇ? ಹಂಚಿಕೆಯನ್ನು ಎಣಿಸಿ ಅಭಿಪ್ರಾಯವನ್ನು ಅಳೆಯುವ ಅಧ್ಯಯನಗಳು ಗಡಿನಾಡಿನಲ್ಲಿ ಎಡವುವುದು ಇಂಥ ಕಡೆಗಳಲ್ಲಿ.

ಇದಕ್ಕೆ ವಿರುದ್ಧ ದಿಕ್ಕಿನ ಸಂಚಾರವೂ ಉಂಟು. ಆಂಧ್ರದ ರಾಜಕೀಯದಲ್ಲಿ ಹುಟ್ಟಿದ ಸುದ್ದಿಗೆ ಕನ್ನಡದಲ್ಲಿ ಬರೆಯುವವರೇ ಇಲ್ಲದ ಕಾರಣ ಅದು ಬಾಯಿಮಾತಿನ ಕನ್ನಡವಾಗಿ ಇಳಿಯುತ್ತದೆ. 2019ರಲ್ಲಿ ಅಲ್ಲಿ ಗ್ರಾಮ ಸಚಿವಾಲಯಗಳೂ, ಸುಮಾರು 50 ಮನೆಗಳಿಗೆ ಒಬ್ಬರಂತೆ ಸ್ವಯಂಸೇವಕರೂ ಬಂದರು. ಕರ್ನಾಟಕದ ಕನ್ನಡದಲ್ಲಿ ‘ಸಚಿವಾಲಯ’ವೆಂದರೆ ಬೆಂಗಳೂರಿನಲ್ಲಿರುವುದು, ಅಮರಾಪುರದ ಕನ್ನಡದಲ್ಲಿ ಅದು ಊರ ಮಧ್ಯದ ಕಚೇರಿ. ಪಹಣಿ ಎಂಬುದರ ಜಾಗದಲ್ಲಿ ಅಡಂಗಲ್, ಸಾಲ ಮನ್ನಾದ ಜಾಗದಲ್ಲಿ ಋಣಮಾಫಿ. 2024ರ ಮಾರ್ಚ್ 30ರಂದು ಚುನಾವಣಾ ಆಯೋಗವು ಸ್ವಯಂಸೇವಕರಿಂದ ಪಿಂಚಣಿ ಹಂಚಿಸಬಾರದೆಂದು ಆದೇಶಿಸಿತು. ಏಪ್ರಿಲ್ ಒಂದರಂದು ಬಾಗಿಲಿಗೆ ಬರಬೇಕಾಗಿದ್ದ ಹಣ ಬರಲಿಲ್ಲ. ವೃದ್ಧರು ಬಿಸಿಲಿನಲ್ಲಿ ಸಚಿವಾಲಯಕ್ಕೆ ನಡೆಯಬೇಕಾಯಿತು. ಯಾರಿಂದ ಹೀಗಾಯಿತೆಂಬುದರ ಮೇಲೆ ಎರಡೂ ಪಕ್ಷಗಳು ಪರಸ್ಪರ ದೂರಿದವು. ಆಯೋಗದ ಆದೇಶ ನಿಲ್ಲಿಸಿದ್ದು ಸ್ವಯಂಸೇವಕರನ್ನು, ಪಿಂಚಣಿಯನ್ನಲ್ಲ. ಆದರೆ ‘ರದ್ದು’ ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ ರೂಪ, ಒಂದೇ ಅರ್ಥದ್ದು. ಅದಕ್ಕೆ ಗಡಿಯಲ್ಲಿ ಸುಂಕವಿಲ್ಲ. ‘ಪಿಂಚಣಿ ರದ್ದು’ ಎಂದು ಎರಡು ಪದಗಳಲ್ಲಿ ಹೇಳಬಹುದಾದುದನ್ನು ತಿದ್ದಲು ಎರಡು ವಾಕ್ಯಗಳಾದರೂ ಬೇಕು. ಅದೇ ತಿಂಗಳುಗಳಲ್ಲಿ ಭೂಹಕ್ಕು ಕಾಯ್ದೆಯ ವಿಷಯವೂ ಹಾಗೆಯೇ ಹಬ್ಬಿತು. ಜಮೀನಿನ ಮೂಲಪತ್ರ ಸರಕಾರದಲ್ಲಿ ಉಳಿದು ರೈತನಿಗೆ ಜೆರಾಕ್ಸ್ ಮಾತ್ರ ಸಿಗುತ್ತದೆ ಎಂಬುದು ಪ್ರಚಾರದ ಒಂದು ಎಳೆ. ಹಕ್ಕಿನ ಖಾತರಿಗಾಗಿಯೇ ಕಾಯ್ದೆ ಎಂಬುದು ಅಂದಿನ ಆಳುವ ಪಕ್ಷದ ಉತ್ತರ. ಹೊಸ ಸರಕಾರ 2024ರ ಜುಲೈನಲ್ಲಿ ಆ ಕಾಯ್ದೆಯನ್ನು ರದ್ದುಗೊಳಿಸುವ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಜಮೀನಿನ ಮಾತು ಯಾವ ರೈತನನ್ನಾದರೂ ಎಚ್ಚರಿಸುವಂಥದು. ಆ ಕಾಯ್ದೆಯ ಪಠ್ಯವನ್ನು ತನ್ನ ಭಾಷೆಯಲ್ಲಿ ಓದಿ ನೋಡುವ ದಾರಿ ಕನ್ನಡದ ರೈತನಿಗಿರಲಿಲ್ಲ.

ತಂತ್ರಜ್ಞಾನದ ಕಡೆಗೆ ತಿರುಗೋಣ. ಮಕ್ಕಳ ಕಳ್ಳರ ವದಂತಿಯಿಂದ 2018ರಲ್ಲಿ ದೇಶದ ಹಲವೆಡೆ, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ, ಕೊಲೆಗಳಾದ ಮೇಲೆ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ, ಐದು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಅದರ ಮೇಲೆ ಜೋಡಿ ಬಾಣದ ಗುರುತು ಬೀಳುತ್ತದೆ. ಈ ಗುರುತು ಓದುಗನಿಗೆ ‘ಇದು ಕಳುಹಿಸಿದವನ ಸ್ವಂತ ಮಾತಲ್ಲ’ ಎಂದು ಹೇಳುವ ಏಕೈಕ ಸಾಕ್ಷಿ. ಆದರೆ ಅದು ಅಂಟಿಕೊಂಡಿರುವುದು ಸಂದೇಶದ ಪ್ರತಿಗೆ, ವಿಷಯಕ್ಕಲ್ಲ. ತೆಲುಗು ಸಂದೇಶವನ್ನು ಓದಿದ ಒಬ್ಬ ಯುವಕ ಅದರ ಸಾರವನ್ನು ಕನ್ನಡದಲ್ಲಿ ಬೆರಳಚ್ಚಿಸಿ ಅಥವಾ ಧ್ವನಿಯಲ್ಲಿ ಹೇಳಿ ಮನೆಯವರ ಗುಂಪಿಗೆ ಹಾಕಿದನೆಂದುಕೊಳ್ಳಿ. ಆ ಕ್ಷಣದಲ್ಲಿ ಎಣಿಕೆ ಸೊನ್ನೆಗೆ ಮರಳುತ್ತದೆ, ಜೋಡಿ ಬಾಣ ಅಳಿಸಿಹೋಗುತ್ತದೆ. ಸಾವಿರ ಕೈ ದಾಟಿ ಬಂದ ವದಂತಿ ಈಗ ಪರಿಚಿತ ಹುಡುಗನ ಸ್ವಂತ ಮಾತು. ಏಕಭಾಷಿಕ ಪ್ರದೇಶದಲ್ಲಿ ಈ ಮಿತಿಯನ್ನು ತಪ್ಪಿಸಬೇಕಾದರೆ ಯಾರಾದರೂ ಬೇಕೆಂದೇ ನಕಲು ಮಾಡಿ ಅಂಟಿಸಬೇಕು. ದ್ವಿಭಾಷಿಕ ಪ್ರದೇಶದಲ್ಲಿ ಹಾಗಲ್ಲ. ಅನುವಾದವೆಂಬ ಉಪಕಾರವೇ ಆ ಮಿತಿಯನ್ನು ಮುರಿಯುತ್ತದೆ.

ಕಾನೂನು ಗಡಿಯನ್ನು ನಂಬಿ ನಡೆಯುತ್ತದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೆಯ ಕಲಮಿನಂತೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಆ ಪ್ರದೇಶದಲ್ಲಿ ಪ್ರಚಾರ ನಿಲ್ಲಬೇಕು. ಸಾಮಾಜಿಕ ಮಾಧ್ಯಮದ ಸಂಸ್ಥೆಗಳು 2019ರ ಮಾರ್ಚ್‌ನಲ್ಲಿ ಒಪ್ಪಿಕೊಂಡ ಸ್ವಯಂನೀತಿಯಂತೆ, ಈ ಕಲಮಿನ ಉಲ್ಲಂಘನೆಯನ್ನು ಆಯೋಗ ತಿಳಿಸಿದ 3 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. 2024ರ ಮೇ 6ರಂದು ಆಯೋಗವು, ತಿರುಚಿದ ದೃಶ್ಯಗಳು ಗಮನಕ್ಕೆ ಬಂದ 3 ಗಂಟೆಯೊಳಗೆ ಅವನ್ನು ತೆಗೆಯಬೇಕೆಂದು ಪಕ್ಷಗಳಿಗೂ ಸೂಚಿಸಿತು. ಮೇ 5ರ ಸಂಜೆ ಬಳ್ಳಾರಿಯಲ್ಲಿ ಬಹಿರಂಗ ಪ್ರಚಾರ ನಿಂತಾಗ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ರಾಯದುರ್ಗದಲ್ಲಿ ಅದು ಕಾವೇರುತ್ತಿತ್ತು. ಎರಡೂ ಊರುಗಳವರಿರುವ ಗುಂಪಿನಲ್ಲಿ ಯಾವ ಸಂದೇಶ ಯಾವ ಊರಿನದು? ಖಾಸಗಿ ಗುಂಪಿನೊಳಗಿನದು ಸಂಸ್ಥೆಗೂ ಕಾಣದು, ಅಧಿಕಾರಿಗೂ ಕಾಣದು. ಗುಂಪಿನಲ್ಲಿರುವ ಯಾರಾದರೂ ದೂರಿದರೆ ಮಾತ್ರ ಹೊರಬರುತ್ತದೆ. ಪ್ರತಿ ಜಿಲ್ಲೆಯಲ್ಲಿಯೂ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿ ಇರುತ್ತದೆ. ಅನಂತಪುರದ್ದು, ಪುಟ್ಟಪರ್ತಿಯದು, ಬಳ್ಳಾರಿಯದು, ತುಮಕೂರಿನದು ಹೀಗೆ ನಾಲ್ಕು ಸಮಿತಿಗಳ ಎಲ್ಲೆಗಳು ಒಂದು ಮದುವೆಮನೆಯ ಗುಂಪಿನೊಳಗೆ ಸೇರುತ್ತವೆ.

ಸುಳ್ಳನ್ನು ಪರಿಶೀಲಿಸಿಕೊಡುವ ಏರ್ಪಾಡುಗಳಲ್ಲಿಯೂ ಭಾಷೆಯ ಪಟ್ಟಿಯನ್ನು ನೋಡಬೇಕು. 2019ರ ಏಪ್ರಿಲ್ 2ರಂದು, ಆಂಧ್ರದ ಮತದಾನಕ್ಕೆ ಒಂಬತ್ತು ದಿನವಿರುವಾಗ, ‘ಚೆಕ್‌ಪಾಯಿಂಟ್’ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಪರಿಶೀಲನೆಯ ಸೇವೆ ಆರಂಭವಾಯಿತು. ಇಂಗ್ಲಿಷ್ ಜೊತೆಗೆ ಅದು ಸ್ವೀಕರಿಸುತ್ತಿದ್ದ ಭಾಷೆಗಳು ಹಿಂದಿ, ತೆಲುಗು, ಬಂಗಾಳಿ, ಮಲಯಾಳಂ. 2024ರ ಮಾರ್ಚ್‌ನಲ್ಲಿ, ಕೃತಕ ಬುದ್ಧಿಮತ್ತೆಯಿಂದ ತಯಾರಾದ ನಕಲಿ ದೃಶ್ಯಗಳ ಪರಿಶೀಲನೆಗೆಂದು ಸತ್ಯಶೋಧಕ ಸಂಸ್ಥೆಗಳ ಒಕ್ಕೂಟವೊಂದು ತೆರೆದ ಸೇವೆಯಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಎರಡರಲ್ಲಿಯೂ ತೆಲುಗಿದೆ, ಎರಡರಲ್ಲಿಯೂ ಕನ್ನಡವಿಲ್ಲ. ಕರ್ನಾಟಕದಲ್ಲಿ ಕುಳಿತು ಕನ್ನಡದಲ್ಲಿ ಸತ್ಯಶೋಧನೆ ಮಾಡುವ ಪತ್ರಿಕೆಗಳೂ ಜಾಲತಾಣಗಳೂ ಇವೆ. ಅವು ಸಹಜವಾಗಿಯೇ ಕರ್ನಾಟಕದ ವಿಷಯಗಳನ್ನು ನೋಡುತ್ತವೆ. ಹೈದರಾಬಾದಿನ ಫ್ಯಾಕ್ಟ್‌ಲಿ ಯಂಥ ಸಂಸ್ಥೆಗಳು ಆಂಧ್ರದ ವಿಷಯಗಳನ್ನು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಪರಿಶೀಲಿಸುತ್ತವೆ. ಆಂಧ್ರದ ವಿಷಯ, ಕನ್ನಡದ ಭಾಷೆ ಎಂಬ ಖಾನೆ ಎರಡೂ ಕಡೆ ಖಾಲಿ. ಯಾರ ದುರುದ್ದೇಶವೂ ಇದಕ್ಕೆ ಕಾರಣವಲ್ಲ. ಭಾಷೆಯನ್ನು ರಾಜ್ಯದೊಡನೆ ಸಮೀಕರಿಸಿ ಯೋಚಿಸುವ ಅಭ್ಯಾಸವೇ ಕಾರಣ. ಕಾಸರಗೋಡಿನ ಕನ್ನಡಿಗನಿಗೆ ಮಲಯಾಳಂ, ಸೊಲ್ಲಾಪುರದ ಕನ್ನಡಿಗನಿಗೆ ಮರಾಠಿ ಎಂದು ಲೆಕ್ಕ ಹಾಕುವ ಅಭ್ಯಾಸವೂ ಇದೇ.

ಖಾನೆ ತುಂಬಲು ಹೊಸ ಹಕ್ಕೇನೂ ಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ರಾಜ್ಯಗಳ ನಡುವೆ ಒಪ್ಪಿತವಾದ ಏರ್ಪಾಡಿನಂತೆ, ಜಿಲ್ಲೆಯಲ್ಲಿ ಅಥವಾ ಅದಕ್ಕಿಂತ ಚಿಕ್ಕ ಆಡಳಿತ ಘಟಕದಲ್ಲಿ ಶೇಕಡ 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಹೊರಡಿಸಬೇಕು. ಈ ಮಾತನ್ನು ನಾವು ಇದುವರೆಗೆ ಕಚೇರಿಯ ಫಲಕ, ಅರ್ಜಿ ನಮೂನೆ, ಶಾಲೆಯ ಪಠ್ಯಪುಸ್ತಕ ಇವುಗಳಿಗೆ ಅನ್ವಯಿಸಿ ವಾದಿಸಿದ್ದೇವೆ. ಚುನಾವಣೆಯ ಕಾಲದಲ್ಲಿ ಆಯೋಗದ ಆದೇಶವೊಂದು ಹೊರಟ ದಿನವೇ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಗ್ರಾಮ ಸಚಿವಾಲಯದ ಗೋಡೆಯ ಮೇಲೆ ನಾಲ್ಕು ಸಾಲಿನ ಕನ್ನಡ ಪ್ರಕಟಣೆಯಾಗಿ ಅಂಟಿದರೆ, ಅದರ ಛಾಯಾಚಿತ್ರ ತೆಗೆದು ಗುಂಪಿಗೆ ಹಾಕುವ ಕೆಲಸವನ್ನು ಊರಿನ ಹುಡುಗರೇ ಮಾಡುತ್ತಾರೆ. 2024ರ ಮಾರ್ಚ್ 30ರ ಆದೇಶದ ಮಟ್ಟಿಗೆ ಆ ಪ್ರಕಟಣೆಯಲ್ಲಿ ಬರೆಯಬೇಕಾಗಿದ್ದುದು ಇಷ್ಟೇ: ಪಿಂಚಣಿ ನಿಂತಿಲ್ಲ; ಈ ತಿಂಗಳು ಹಣ ಮನೆಗೆ ಬರುವುದಿಲ್ಲ, ಸಚಿವಾಲಯದಲ್ಲಿ ಸಿಗುತ್ತದೆ; ಯಾವ ದಿನ, ಎಷ್ಟು ಗಂಟೆಗೆ ಎಂಬುದು ಕೆಳಗಿದೆ.